ನಾಲ್ಕು ರೆಪ್ಪೆ, ನಾಲ್ಕು ನಂಬರು

ಮನುಷ್ಯನಿಗೆ ಕಣ್ಣು ಎರಡು ಅಂತ ನಾವೆಲ್ಲ ಚಿಕ್ಕಂದಿನಿಂದ ಎಣಿಸಿಕೊಂಡು ಬಂದಿದ್ದೇವೆ. ಅಮೆರಿಕದ ಆಸ್ಪತ್ರೆ ಬಿಲ್ಲು ಬರೆಯೋರಿಗೆ ಆ ಲೆಕ್ಕ ಸಾಲದು ನೋಡಿ. ಅವರಿಗೆ ರೆಪ್ಪೆಯೂ ಲೆಕ್ಕಕ್ಕೆ ಬರಬೇಕು. ಎಡಗಣ್ಣಿನ ಮೇಲ್ರೆಪ್ಪೆ ಇ1, ಕೆಳರೆಪ್ಪೆ ಇ2, ಬಲಗಣ್ಣಿನ ಮೇಲ್ರೆಪ್ಪೆ ಇ3, ಕೆಳರೆಪ್ಪೆ ಇ4. ಬಿಲ್ಲಿನಲ್ಲಿ ಚಿಕಿತ್ಸೆಯ ನಂಬರು ಬರೆದು, ಅದರ ಬಾಲಕ್ಕೆ ಈ ಗುರುತು ಅಂಟಿಸಬೇಕು. ಬಲಗಾಲಿಟ್ಟು ಒಳಗೆ ಬಾ ಅನ್ನೋ ನಮ್ಮಂಥವರಿಗೆ ಈ ಎಣಿಕೆ ಎಡದಿಂದ ಶುರುವಾಗೋದೇ ಒಂಚೂರು ವಿಚಿತ್ರ ಅನ್ನಿಸುತ್ತೆ, ಅಲ್ವಾ?

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಪಕ್ಕದ ಮನೆ ಸರೋಜಮ್ಮನವರಿಂದ. ಅವರ ಮಗಳು ಬೆಂಗಳೂರಿನಲ್ಲಿ ಮೆಡಿಕಲ್ ಕೋಡರ್. ಕಾಂಪೌಂಡಿನ ಆಚೆ ಬಟ್ಟೆ ಹರವುತ್ತಾ ಸರೋಜಮ್ಮ ಹೇಳಿದರು: "ಅಲ್ಲಾ ಕಣ್ರೀ, ಅಮೆರಿಕದಲ್ಲಿ ಯಾರದೋ ಕಣ್ಣಿಗೆ ಕಸ ಬಿದ್ರೆ ನಮ್ಮ ಹುಡುಗಿ ಇಲ್ಲಿ ಕೂತ್ಕೊಂಡು ಅದಕ್ಕೆ ನಂಬರು ಹುಡುಕ್ತಾಳೆ!" ಹೌದಲ್ಲ ಅನ್ನಿಸಿತು. ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ಈ ಕೆಲಸ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಬಿಎಸ್‌ಸಿ ಓದಿದವರು, ಬಿ.ಫಾರ್ಮ ಮಾಡಿದವರು, ನರ್ಸಿಂಗ್, ಫಿಸಿಯೋಥೆರಪಿ ಮುಗಿಸಿದವರು. ಸಿಪಿಸಿ ಅಂತ ಒಂದು ಪರೀಕ್ಷೆ ಇದೆ: ನೂರು ಪ್ರಶ್ನೆ, ನಾಲ್ಕು ಗಂಟೆ, ಕೋಡ್ ಪುಸ್ತಕಗಳನ್ನು ಎದುರಿಗೇ ಇಟ್ಟುಕೊಂಡು ಬರೆಯಬಹುದು. ಪುಸ್ತಕ ನೋಡಿ ಬರೆಯೋ ಪರೀಕ್ಷೆ ಎಂದ ಮೇಲೆ ಸಲೀಸು ಅಂದುಕೊಳ್ಳಬೇಡಿ. ಆ ಪುಸ್ತಕಗಳನ್ನು ಕೈಯಲ್ಲಿ ಎತ್ತಿ ನೋಡಿದವರು ಹಾಗೆ ಹೇಳೋದಿಲ್ಲ. ಎಲ್ಲಿ ಏನಿದೆ ಅಂತ ಗೊತ್ತಿಲ್ಲದಿದ್ದರೆ ಪುಟ ತಿರುವೋದರಲ್ಲೇ ನಾಲ್ಕು ಗಂಟೆ ಮುಗಿದು ಹೋಗುತ್ತೆ.

ಪುಸ್ತಕ ಮುಖ್ಯವಾಗಿ ಎರಡು. ಡಾಕ್ಟರು ಏನು ಮಾಡಿದರು ಅನ್ನೋದು ಸಿಪಿಟಿಯಲ್ಲಿ. ಅಮೆರಿಕದ ವೈದ್ಯರ ಸಂಘ ಅದನ್ನು ಮೊದಲು ಹೊರತಂದದ್ದು 1966ರಲ್ಲಿ, ವಯಸ್ಸಾದವರಿಗೆ ಸರ್ಕಾರವೇ ವಿಮೆ ಕೊಡುವ ಮೆಡಿಕೇರ್ ಕಾಯ್ದೆ ಬಂದ ಮರುವರ್ಷ. ರೋಗಿಗೆ ಏನಾಗಿತ್ತು ಅನ್ನೋದು ಐಸಿಡಿಯಲ್ಲಿ. ಅದರ ಬೇರು ಇನ್ನೂ ಹಿಂದಿನದು. ಜಾಕ್ ಬರ್ಟಿಯೋನ್ ಎಂಬ ಫ್ರೆಂಚ್ ಅಂಕಿಅಂಶದ ಪಂಡಿತ 1893ರಲ್ಲಿ ಜನ ಯಾವ ಯಾವ ಕಾರಣಕ್ಕೆ ಸಾಯ್ತಾರೆ ಅಂತ ಒಂದು ಪಟ್ಟಿ ಮಾಡಿ ಮುಂದಿಟ್ಟ. ಸಾವಿನ ಪಟ್ಟಿಯಾಗಿ ಹುಟ್ಟಿದ್ದು ಬೆಳೆಯುತ್ತ ಬೆಳೆಯುತ್ತ ಕಣ್ಣಿನ ಗುಳ್ಳೆಗೂ ಜಾಗ ಕೊಡುವಷ್ಟು ದೊಡ್ಡದಾಯಿತು. ಏನು ಮಾಡಿದರು, ಯಾಕೆ ಮಾಡಿದರು: ಈ ಎರಡೂ ನಂಬರು ಒಂದಕ್ಕೊಂದು ಹೊಂದಿದರೆ ವಿಮೆಯವರು ದುಡ್ಡು ಕೊಡ್ತಾರೆ. ಬಲಗಣ್ಣಿಗೆ ರೋಗ ಬರೆದು ಎಡಗಣ್ಣಿಗೆ ಚಿಕಿತ್ಸೆ ಬರೆದರೆ ಕಾಗದ ವಾಪಸ್ಸು.

ಈಗ ಕಣ್ಣಿಗೆ ಕಸ ಬೀಳೋ ವಿಷಯವನ್ನೇ ತಗೊಳ್ಳಿ. ನಮ್ಮಜ್ಜಿ ಕಾಲದಲ್ಲಿ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಗೆ ಹಿಡಿದು ಬಿಸಿಯಾಗಿ ಉಫ್ ಅಂತ ಊದಿ, ಕಣ್ಣಿಗೆ ಒತ್ತಿ ಹಿಡಿಯೋರು. ಎರಡು ಮೂರು ಸಲ ಹಾಗೆ ಮಾಡಿದರೆ ಕಣ್ಣೀರು ಬಂದು ಕಸವೂ ಜಾರಿಕೊಂಡು ಹೋಗೋದು. "ಉಜ್ಜಬೇಡ ಮಗಾ, ಉಜ್ಜಿದ್ರೆ ಒಳಗೆ ಹೋಗುತ್ತೆ" ಅನ್ನೋ ಎಚ್ಚರಿಕೆ ಬೇರೆ. ಉಜ್ಜಬಾರದು ಅನ್ನೋ ಮಾತನ್ನು ಇವತ್ತಿನ ಕಣ್ಣಿನ ಡಾಕ್ಟರೂ ಒಪ್ಪುತ್ತಾರೆ. ಆದರೆ ವೆಲ್ಡಿಂಗ್ ಅಂಗಡಿಯಲ್ಲೋ, ಗ್ರೈಂಡಿಂಗ್ ಚಕ್ರದ ಮುಂದೋ ಕೆಲಸ ಮಾಡುವಾಗ ಕಬ್ಬಿಣದ ಚೂರು ಹಾರಿ ಕಾರ್ನಿಯಾಕ್ಕೆ ನಾಟಿದರೆ ಸೆರಗು ಸಾಲೋದಿಲ್ಲ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಪಕ್ಕದವನ ಕಣ್ಣಿನಿಂದ ಚೂರು ತೆಗೆಯೋ ಧೈರ್ಯವಂತರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಅದು ಬೇಡ, ಕಾರ್ನಿಯಾಕ್ಕೆ ಗೀರು ಬಿದ್ದು ಹುಣ್ಣಾದರೆ ದೃಷ್ಟಿಗೇ ಸಂಚಕಾರ.

ಅಮೆರಿಕದಲ್ಲಿ ಇದೇ ಚೂರನ್ನು ತೆಗೆಯೋದಕ್ಕೆ ಎರಡು ನಂಬರು. ಗದ್ದ ಊರಿ, ಹಣೆ ತಾಗಿಸಿ ಕೂರಿಸ್ತಾರಲ್ಲ, ಆ ಸ್ಲಿಟ್ ಲ್ಯಾಂಪಿನಲ್ಲಿ ನೋಡುತ್ತಾ ತೆಗೆದರೆ 65222. ಸ್ಲಿಟ್ ಲ್ಯಾಂಪ್ ಇಲ್ಲದೆ ತೆಗೆದರೆ 65220. ಕಾರ್ನಿಯಾಕ್ಕೆ ಹೋಗದೆ ಬಿಳಿಗುಡ್ಡೆಯ ಮೇಲಿನ ಪೊರೆಯಲ್ಲಿ ಸುಮ್ಮನೆ ಕೂತಿದ್ದರೆ 65205, ಅಲ್ಲೇ ಹೂತುಕೊಂಡಿದ್ದರೆ 65210. ಕಸ ಅದೇ, ಕಣ್ಣು ಅದೇ. ಎಲ್ಲಿ ಕೂತಿತ್ತು, ಯಾವ ದೀಪದಲ್ಲಿ ತೆಗೆದರು ಅನ್ನೋದರ ಮೇಲೆ ನಂಬರು ಬೇರೆ. ಡಾಕ್ಟರು ಟಿಪ್ಪಣಿಯಲ್ಲಿ "ಕಸ ತೆಗೆದೆ" ಅಂತಷ್ಟೇ ಬರೆದು ಬಿಟ್ಟರೆ ಬೆಂಗಳೂರಿನ ಹುಡುಗಿ ಏನು ಮಾಡಬೇಕು ಹೇಳಿ?

ಇನ್ನು ರೋಗದ ಪುಸ್ತಕಕ್ಕೆ ಬಂದರೆ, ಬಲಗಣ್ಣಿನ ಕಾರ್ನಿಯಾಕ್ಕೆ ಬಿದ್ದ ಕಸ ಟಿ15.01ಎಕ್ಸ್‌ಎ. ಈ ನಡುವಿನ ಎಕ್ಸ್ ಇದೆಯಲ್ಲ, ನನಗೆ ಬಹಳ ಇಷ್ಟವಾದದ್ದು ಅದೇ. ಅದಕ್ಕೆ ಏನೂ ಅರ್ಥವಿಲ್ಲ. ಏಳನೇ ಅಕ್ಷರ ಏಳನೇ ಜಾಗದಲ್ಲೇ ಕೂರಬೇಕು ಅನ್ನೋದು ನಿಯಮ, ಆರನೇ ಜಾಗ ಖಾಲಿ ಇದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ ಎಕ್ಸ್ ಅಲ್ಲಿ ಜಾಗ ಹಿಡಿದುಕೊಂಡು ಕೂತಿರುತ್ತೆ. ಅದನ್ನು ಬಿಟ್ಟರೆ ಇಡೀ ನಂಬರೇ ತಪ್ಪು. ಕೊನೆಯ ಎ ಅಂದರೆ ಚಿಕಿತ್ಸೆ ಇನ್ನೂ ನಡೀತಾ ಇದೆ ಅಂತ. ಮೊದಲನೇ ಸಲ ಬಂದರು ಅಂತಲ್ಲ ಅನ್ನೋದನ್ನು ಹೊಸ ಕೋಡರುಗಳಿಗೆ ಒತ್ತಿ ಒತ್ತಿ ಹೇಳಿಕೊಡ್ತಾರಂತೆ. ಗಾಯ ಮಾಯುತ್ತಾ ಇದೆ, ಸುಮ್ಮನೆ ತೋರಿಸಿಕೊಂಡು ಹೋಗೋಕೆ ಬಂದರೆ ಅದೇ ಜಾಗದಲ್ಲಿ ಡಿ. ಆ ಗಾಯದಿಂದಲೇ ಮುಂದೆ ಬೇರೆ ತೊಂದರೆ ಉಳಿದುಕೊಂಡರೆ ಎಸ್. ಒಂದೇ ಅಕ್ಷರದಲ್ಲಿ ಒಬ್ಬ ಮನುಷ್ಯನ ಕಷ್ಟ ಎಲ್ಲಿವರೆಗೆ ಬಂತು ಅಂತ ಗೊತ್ತಾಗುತ್ತೆ, ಅಲ್ವಾ?

ಕಣ್ಣುಕುಟಿಕೆ ಆದಾಗ ಅಂಗೈ ಮೇಲೆ ಬೆರಳು ಉಜ್ಜಿ ಬಿಸಿ ಮಾಡಿ ಒತ್ತಿಕೊಳ್ತಾ ಇದ್ದೆವು, ನೆನಪಿದೆಯಾ? ಶಾಲೆಯಲ್ಲಿ ಅದಾದ ಹುಡುಗನ ಪಕ್ಕ ಯಾರೂ ಕೂರೋರಲ್ಲ, ಕಣ್ಣಿಗೆ ಕಣ್ಣಿಟ್ಟು ನೋಡಿದರೆ ನಮಗೂ ಬರುತ್ತೆ ಅಂತ. ಅದು ಮಾಗಿ ಒಡೆದು ಹೋದರೆ ಸರಿ. ಅಷ್ಟು ನೋವಿಲ್ಲದೆ ರೆಪ್ಪೆಯೊಳಗೆ ಗಟ್ಟಿ ಗಂಟಾಗಿ ಉಳಿದುಬಿಡೋದು ಇನ್ನೊಂದು, ಕಲೇಜಿಯನ್ ಅಂತಾರೆ. ಬಿಸಿ ಬಟ್ಟೆ ಒತ್ತಿಕೊಂಡರೆ ಎಷ್ಟೋ ಸಲ ಕರಗುತ್ತೆ, ಕರಗದಿದ್ದರೆ ಮರಗಟ್ಟಿಸಿ ಸಣ್ಣದಾಗಿ ಕೊಯ್ದು ತೆಗೀತಾರೆ.

ಇದರ ಬಿಲ್ಲಿನ ಚೆಂದ ನೋಡಿ. ಒಂದು ಗಂಟು ತೆಗೆದರೆ 67800. ಒಂದೇ ರೆಪ್ಪೆಯಲ್ಲಿ ಎರಡು ಮೂರು ಇದ್ದರೆ 67801. ಬೇರೆ ಬೇರೆ ರೆಪ್ಪೆಯಲ್ಲಿದ್ದರೆ 67805. ಪೂರ್ತಿ ಮಂಪರು ಕೊಟ್ಟು ತೆಗೆದರೆ 67808, ಆಗ ಒಂದಿದ್ದರೂ ಅದೇ, ಹತ್ತಿದ್ದರೂ ಅದೇ. ಅಂದರೆ ಗಂಟನ್ನು ಬಿಡಿಬಿಡಿಯಾಗಿ ಎಣಿಸಿ ಬಿಲ್ ಮಾಡೋ ಹಾಗಿಲ್ಲ. ಆದರೆ ಕಣ್ಣು ಒಣಗುತ್ತೆ ಅಂತ ಬಂದವರಿಗೆ ಕಣ್ಣೀರು ಇಳಿದುಹೋಗೋ ಪುಟ್ಟ ತೂತಿಗೆ ಬಿರಟೆ ಇಡ್ತಾರಲ್ಲ, 68761, ಅಲ್ಲಿ ಲೆಕ್ಕ ತಲೆಕೆಳಗು. ಒಂದೊಂದು ಬಿರಟೆಗೂ ಒಂದೊಂದು ಸಲ ಬರೀಬೇಕು, ಇ1ರಿಂದ ಇ4ರವರೆಗೆ ಯಾವ ರೆಪ್ಪೆಯ ತೂತು ಅಂತ ಗುರುತು ಹಾಕಬೇಕು. ಇಷ್ಟಾದರೂ ಆ ಬಿರಟೆ ಅನ್ನೋ ವಸ್ತುವಿಗೆ ಮೆಡಿಕೇರ್ ಬೇರೆ ದುಡ್ಡು ಕೊಡೋದಿಲ್ಲ, ಇಡುವ ಕೆಲಸದ ಶುಲ್ಕದಲ್ಲೇ ಅದೂ ಸೇರಿಹೋಯಿತು.

ರೆಪ್ಪೆಗೂದಲಿನ ಕಥೆ ಇನ್ನೊಂದು. ಕೂದಲು ಹೊರಗೆ ಬೆಳೆಯೋ ಬದಲು ಒಳಮುಖವಾಗಿ ತಿರುಗಿ ಗುಡ್ಡೆಗೆ ಚುಚ್ಚುತ್ತಿದ್ದರೆ ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಚಿಮಟದಲ್ಲಿ ಕಿತ್ತರೆ 67820. ಒಂದು ಕಿತ್ತರೂ ಅದೇ ನಂಬರು, ಹತ್ತು ಕಿತ್ತರೂ ಅದೇ ನಂಬರು. ಕೂದಲಿನ ಲೆಕ್ಕಕ್ಕೆ ಬಿಲ್ ಇಲ್ಲ, ಅದೇ ಸರಿ ಅಂತ ನನಗೂ ಅನ್ನಿಸುತ್ತೆ. ಚಿಮಟ ಬಿಟ್ಟು ಕರೆಂಟಿನಿಂದಲೋ, ಶೀತ ಕೊಟ್ಟೋ, ಲೇಸರಿನಿಂದಲೋ ಬುಡವನ್ನೇ ಸುಟ್ಟರೆ ನಂಬರು 67825.

ರೋಗದ ಪುಸ್ತಕಕ್ಕೆ ಇಷ್ಟೊಂದು ರೆಪ್ಪೆಯ ಪ್ರಜ್ಞೆ ಬಂದದ್ದು ಈಚೆಗೆ. ಮೊದಲಿನ ಪುಸ್ತಕದಲ್ಲಿ ಕಲೇಜಿಯನ್ ಅಂದರೆ 373.2, ಮುಗೀತು, ಎಡವೋ ಬಲವೋ ಯಾರೂ ಕೇಳ್ತಿರಲಿಲ್ಲ. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿಯ ಹತ್ತನೇ ಆವೃತ್ತಿಗೆ ಬದಲಾಯಿಸಿತು. ಸುಮಾರು 14,000 ಇದ್ದ ರೋಗದ ನಂಬರುಗಳು ಒಂದೇ ರಾತ್ರಿಯಲ್ಲಿ 68,000ದ ಆಸುಪಾಸಿಗೆ ಹೋದವು. ಈಗ ಬಲ ಮೇಲ್ರೆಪ್ಪೆಯ ಕಲೇಜಿಯನ್ ಎಚ್00.11, ಬಲ ಕೆಳರೆಪ್ಪೆ ಎಚ್00.12, ಎಡ ಮೇಲ್ರೆಪ್ಪೆ ಎಚ್00.14, ಎಡ ಕೆಳರೆಪ್ಪೆ ಎಚ್00.15. ಇಲ್ಲಿ ಎಣಿಕೆ ಬಲದಿಂದ! ಚಿಕಿತ್ಸೆಯ ಗುರುತು ಎಡದಿಂದ ಶುರು, ರೋಗದ ಗುರುತು ಬಲದಿಂದ ಶುರು. ಸರೋಜಮ್ಮನ ಮಗಳು ಮೊದಲಲ್ಲಿ ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿಕೊಂಡಿದ್ದಳಂತೆ. ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಾಳೆ ಅಂತ ಅವರಮ್ಮನಿಗೆ ಹೆಮ್ಮೆ.

ಎಡ ಬಲ ಅಂದಾಗ ನೆನಪಾಯಿತು. ಕಣ್ಣು ಅದುರೋದು. ಗಂಡಸರಿಗೆ ಬಲಗಣ್ಣು ಅದುರಿದರೆ ಒಳ್ಳೇದು, ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೇದು ಅಂತ ನಮ್ಮಲ್ಲಿ ಎಷ್ಟು ಕಾಲದ ನಂಬಿಕೆ. ಯಾವ ಕಣ್ಣು ಅನ್ನೋದೇ ಅಲ್ಲಿ ಜೀವಾಳ. ಪ್ರತಿ ರೆಪ್ಪೆಗೂ ನಂಬರು ಕೊಟ್ಟ ಆ ಮಹಾ ಪುಸ್ತಕದಲ್ಲಿ ರೆಪ್ಪೆ ತಾನಾಗಿ ಬಿಗಿದುಕೊಂಡು ಅದುರೋ ಕಾಯಿಲೆಗೆ ಇರೋದು ಒಂದೇ ನಂಬರು: ಜಿ24.5. ಎಡ ಇಲ್ಲ, ಬಲ ಇಲ್ಲ. ಅದು ಕಣ್ಣಿನ ಅಧ್ಯಾಯದಲ್ಲೂ ಇಲ್ಲ, ನರಗಳ ಅಧ್ಯಾಯದಲ್ಲಿದೆ. ನಮ್ಮಜ್ಜಿ ಎಲ್ಲಿ ಎಡಬಲ ಕೇಳ್ತಿದ್ದರೋ ಅಲ್ಲಿ ಮಾತ್ರ ಅಮೆರಿಕದವರು ಕೇಳೋದಿಲ್ಲ!

ಪುಸ್ತಕದ ಕೊನೆ ಕಡೆ ಇನ್ನೂ ಸ್ವಾರಸ್ಯ ಇದೆ. ಪೆಟ್ಟು ಹೇಗೆ ಬಿತ್ತು ಅಂತ ಹೇಳೋ ನಂಬರುಗಳು. ಬಾತುಕೋಳಿ ಬಡಿದರೆ ಒಂದು ನಂಬರು, ಕೋಳಿ ಕುಕ್ಕಿದರೆ ಇನ್ನೊಂದು. ದೀಪದ ಕಂಬಕ್ಕೆ ನಡೆದುಕೊಂಡು ಹೋಗಿ ಢಿಕ್ಕಿ ಹೊಡೆದರೆ ಒಂದು. ಆಗ ನೀವು ಸ್ವೆಟರ್ ಹೆಣೀತಾ ಇದ್ದರೆ ಅದಕ್ಕೂ ಒಂದು. ವಿಮಾನದ ಜೆಟ್ ಎಂಜಿನ್ನಿನೊಳಗೆ ಎಳೆಯಲ್ಪಟ್ಟವರಿಗೆ ಒಂದು, ಅದರಲ್ಲೂ ಕೊನೆಗೆ ಡಿ ಹಾಕಬಹುದು. ಎಂಜಿನ್ನಿನಿಂದ ಬದುಕಿ ಬಂದು, ಗಾಯ ಮಾಯುತ್ತಿದೆ ಅಂತ ಡಾಕ್ಟರಿಗೆ ತೋರಿಸಿಕೊಳ್ಳೋ ಪುಣ್ಯವಂತರಿಗೂ ಜಾಗ ಇದೆ ಅಂತಾಯಿತು. ಹಸು ಕಚ್ಚಿದರೆ ಡಬ್ಲ್ಯು55.21, ಹಸು ಗುದ್ದಿದರೆ 55.22, ಹಸುವಿನಿಂದ ಬೇರೇನಾದರೂ ಆದರೆ 55.29. ಹಾಲು ಕರೆಯುವಾಗ ಬಾಲದ ಏಟು ಕಣ್ಣಿಗೆ ಬೀಳುತ್ತಲ್ಲ, ಅದು ಗುದ್ದಿದ್ದೋ, ಬೇರೆಯೋ? ಹಾಸನ ಮಂಡ್ಯ ಕಡೆಯಿಂದ ಬಂದ ಕೋಡರುಗಳೇ ಕೂತು ತೀರ್ಮಾನ ಮಾಡಬೇಕು ಅನ್ಸುತ್ತೆ. ಈ ಕಾರಣದ ನಂಬರುಗಳನ್ನು ಬರೆಯಲೇಬೇಕು ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯ ಇಲ್ಲ, ಕೆಲವು ರಾಜ್ಯ, ಕೆಲವು ವಿಮೆಯವರು ಕೇಳ್ತಾರೆ.

ಸರಿ, ಎಲ್ಲಿದ್ದೆವು? ಕಸ, ಗಂಟು, ಕೂದಲಿನಂಥ ಸಣ್ಣ ಚಿಕಿತ್ಸೆ. ಸಣ್ಣದು ದೊಡ್ಡದು ಅನ್ನೋದಕ್ಕೂ ಅವರಲ್ಲಿ ಒಂದು ಅಳತೆ ಇದೆ, ದಿನದ ಲೆಕ್ಕ. ಚಿಕಿತ್ಸೆ ಆದ ಮೇಲೆ ಎಷ್ಟು ದಿನದ ಆರೈಕೆ ಅದೇ ಶುಲ್ಕದಲ್ಲಿ ಸೇರಿದೆ ಅಂತ. ಕಣ್ಣಿನ ಕಸಕ್ಕೆ, ಚಿಮಟದ ಕೂದಲಿಗೆ ಸೊನ್ನೆ ದಿನ. ಕಲೇಜಿಯನ್ನಿಗೆ, ಬಿರಟೆಗೆ 10 ದಿನ. ದೊಡ್ಡ ಆಪರೇಷನ್ನಿಗೆ 90 ದಿನ. ಪೊರೆ ತೆಗೆಸಿಕೊಂಡು ಲೆನ್ಸ್ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಕೆಲವು ತಿಂಗಳೋ ವರ್ಷವೋ ಆದ ಮೇಲೆ ಮತ್ತೆ ಮಂಜಾಗುತ್ತೆ, ಯಾಗ್ ಲೇಸರ್ ಹೊಡೀತಾರಲ್ಲ, ಅದು ಕೆಲವೇ ನಿಮಿಷದ ಕೆಲಸ. ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಆದರೂ ಅದು 66821, ಅದಕ್ಕೆ 90 ದಿನ. ಪೊರೆ ಆಪರೇಷನ್ನಿಗೂ ಅಷ್ಟೇ ದಿನ. ಗಡಿಯಾರ ನೋಡಿ ಸಣ್ಣದು ಅಂತ ಹೇಳೋ ಹಾಗಿಲ್ಲ ನೋಡಿ.

ಇನ್ನೊಂದು ಸೂಕ್ಷ್ಮ. ರೆಪ್ಪೆಯ ಗಂಟು ತೋರಿಸೋಕೆ ಹೋದಿರಿ, ಡಾಕ್ಟರು ನೋಡಿ, ಇವತ್ತೇ ತೆಗೆದುಬಿಡೋಣ ಅಂದರು, ತೆಗೆದರು. ನೋಡಿ ತೀರ್ಮಾನ ಮಾಡಿದ್ದಕ್ಕೆ ಬೇರೆ ಶುಲ್ಕ ಹಾಕೋ ಹಾಗಿಲ್ಲ, ಅದು ತೆಗೆಯೋ ಕೆಲಸದಲ್ಲೇ ಸೇರಿದೆ. ಅದೇ ದಿನ ನಿಮ್ಮ ಗ್ಲಾಕೋಮಾವನ್ನೂ ಪ್ರತ್ಯೇಕವಾಗಿ ಪರೀಕ್ಷೆ ಮಾಡಿ, ಔಷಧಿ ಬದಲಾಯಿಸಿದರೆ, ಆಗ ತಪಾಸಣೆಯ ನಂಬರಿಗೆ 25 ಅಂತ ಗುರುತು ಅಂಟಿಸಿ ಎರಡನ್ನೂ ಕೇಳಬಹುದು. ಎರಡಂಕಿಯ ಈ 25ರ ಹಿಂದೆ ವಿಮೆಯವರ ಕಣ್ಣು ಸದಾ ಇರುತ್ತೆ. ಮಾಡದ ಕೆಲಸಕ್ಕೆ ಸರ್ಕಾರದ ದುಡ್ಡು ಕೇಳಿದರೆ ಬಳಸೋ ಕಾನೂನು ಯಾವ ಕಾಲದ್ದು ಅಂತೀರಿ? 1863, ಲಿಂಕನ್ ಅಧ್ಯಕ್ಷನಾಗಿದ್ದಾಗಿನದು. ಅಂತರ್ಯುದ್ಧದ ಸಮಯದಲ್ಲಿ ಸೈನ್ಯಕ್ಕೆ ಕಳಪೆ ಮಾಲು ಮಾರಿ ದುಡ್ಡು ಹೊಡೆದ ಕಂತ್ರಾಟುದಾರರನ್ನು ಹಿಡಿಯೋಕೆ ಮಾಡಿದ್ದು. ಇವತ್ತು ಅದೇ ಕಾನೂನು ಕಣ್ಣಿನ ಕ್ಲಿನಿಕ್ಕಿನ ಸುಳ್ಳು ಬಿಲ್ಲಿಗೂ ಅನ್ವಯಿಸುತ್ತೆ. ನಷ್ಟದ ಮೂರು ಪಟ್ಟು ತೆರಬೇಕಾಗಬಹುದು.

ಅದಕ್ಕೇ ಕೋಡರುಗಳಿಗೆ ಹೇಳಿಕೊಡೋ ಮೊದಲ ಪಾಠ: ಬರೆದಿಲ್ಲ ಅಂದರೆ ಮಾಡಿಲ್ಲ. ಟಿಪ್ಪಣಿಯಲ್ಲಿ ಯಾವ ರೆಪ್ಪೆ ಅಂತ ಇಲ್ಲದಿದ್ದರೆ ಊಹೆ ಮಾಡಬಾರದು, ಡಾಕ್ಟರಿಗೆ ಪ್ರಶ್ನೆ ಕಳಿಸಿ ಕಾಯಬೇಕು. ಸಾವಿರಾರು ಮೈಲಿ ಆಚೆ ಇರೋ ರೋಗಿಯ ಮುಖ ಕೂಡ ನೋಡದ ಹುಡುಗಿ, "ಸರ್, ಮೇಲ್ರೆಪ್ಪೆಯೋ ಕೆಳರೆಪ್ಪೆಯೋ?" ಅಂತ ಕೇಳೋದರಲ್ಲಿ ಎಷ್ಟು ನಿಯತ್ತಿದೆ ಅಲ್ವಾ? ಇದನ್ನು ಬರೀ ಗುಮಾಸ್ತೆ ಕೆಲಸ ಅಂತ ತಳ್ಳಿಹಾಕೋರನ್ನು ಕಂಡರೆ ನನಗೆ ಬೇಜಾರು. ನಡೆದದ್ದನ್ನು ನಡೆದಷ್ಟೇ ಹೇಳೋದು ಸುಲಭದ ಕೆಲಸವೇನಲ್ಲ.

ಕನ್ನಡಕದ ವಿಷಯ ಬಿಟ್ಟೇಹೋಗಿತ್ತು. ವಯಸ್ಸಾದವರ ವಿಮೆ ಮೆಡಿಕೇರ್ ಇದೆಯಲ್ಲ, ಅದು ಕನ್ನಡಕದ ನಂಬರು ನೋಡೋ ಪರೀಕ್ಷೆಗೆ ದುಡ್ಡು ಕೊಡೋದಿಲ್ಲ. 92015 ಅಂತ ಬಿಲ್ಲಿನಲ್ಲಿದ್ದರೆ ಅದು ನಿಮ್ಮ ಜೇಬಿನದೇ. ವಯಸ್ಸಾದವರಿಗೆ ಮೊದಲು ಬೇಕಾಗೋದೇ ಕನ್ನಡಕ, ಅದನ್ನೇ ಬಿಟ್ಟಿದ್ದಾರೆ. ಆದರೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡರೆ ಒಂದು ಜೊತೆ ಕನ್ನಡಕಕ್ಕೆ ಸಹಾಯ ಮಾಡುತ್ತೆ. ಉಳಿದವರಿಗೆ ಕನ್ನಡಕ ಬಿಟ್ಟಿರೋದು ಸರಿ ಅಂತ ನನಗಂತೂ ಅನ್ನಿಸೋದಿಲ್ಲ.

ಇದೆಲ್ಲ ನಮಗ್ಯಾಕೆ ಅಂದ್ರಾ? ನಮ್ಮ ಬೀದಿಯಲ್ಲೇ ನೋಡಿ, ಮಗನ ಮನೆಗೆ, ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿಬರೋ ಅಪ್ಪ ಅಮ್ಮಂದಿರು ಎಷ್ಟು ಜನ. ಪ್ರವಾಸದ ವೀಸಾದಲ್ಲಿ ಹೋದವರಿಗೆ ಮೆಡಿಕೇರ್ ಇಲ್ಲ. ಅಲ್ಲಿ ಕಣ್ಣಿಗೆ ಏನೋ ಆಗುತ್ತೆ, ಮಕ್ಕಳಿಗೆ ಭಾರ ಆಗಬಾರದು ಅಂತ ಇವರು ಬಾಯಿಬಿಡೋದಿಲ್ಲ, ತಡ ಮಾಡ್ತಾರೆ. ಹಾಗೆ ಮಾಡಬೇಡಿ. 2022ರ ಜನವರಿಯಿಂದ ಅಲ್ಲಿ ಒಂದು ಒಳ್ಳೆ ನಿಯಮ ಬಂದಿದೆ. ವಿಮೆ ಇಲ್ಲದವರು, ಅಥವಾ ವಿಮೆ ಬಳಸದೆ ಕೈಯಿಂದ ಕೊಡೋರು ಚಿಕಿತ್ಸೆಗೆ ಮೊದಲೇ ಅಂದಾಜು ಖರ್ಚನ್ನು ಬರಹದಲ್ಲಿ ಕೇಳಿ ಪಡೆಯಬಹುದು. ಕನಿಷ್ಠ ಮೂರು ಕೆಲಸದ ದಿನ ಮೊದಲೇ ಸಮಯ ಗೊತ್ತು ಮಾಡಿಕೊಂಡಿದ್ದರೆ ಕೇಳದೆಯೂ ಅವರು ಕೊಡಬೇಕು. ಒಬ್ಬ ಡಾಕ್ಟರ ಬಿಲ್ಲು ಅವರು ಕೊಟ್ಟ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚು ಮೀರಿ ಬಂದರೆ, ಬಿಲ್ಲಿನ ತಾರೀಖಿನಿಂದ 120 ದಿನದೊಳಗೆ ತಕರಾರು ಸಲ್ಲಿಸಬಹುದು.

ವಿಮೆ ಇದ್ದವರಿಗೆ ವಿಮೆ ಕಂಪನಿಯಿಂದ ಒಂದು ಕಾಗದ ಬರುತ್ತೆ, ನೋಡೋಕೆ ಥೇಟ್ ಬಿಲ್ಲೇ, ಮೇಲ್ಗಡೆ ಮಾತ್ರ ಇದು ಬಿಲ್ಲಲ್ಲ ಅಂತ ಬರೆದಿರುತ್ತೆ. ಅದನ್ನು ನೋಡಿ ಗಾಬರಿಯಾಗಿ ದುಡ್ಡು ಕಟ್ಟೋಕೆ ಹೋಗಬೇಡಿ, ಹರಿದು ಬಿಸಾಕಲೂ ಬೇಡಿ. ನಿಜವಾದ ಬಿಲ್ಲು ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪೂರ್ತಿ ವಿವರ ಇರೋ ಬಿಲ್ಲು ಕೊಡಿ ಅಂತ ಕೇಳಿ. ಅದರಲ್ಲಿ ಎಡವೋ ಬಲವೋ, ಮೇಲೋ ಕೆಳಗೋ, ಎಷ್ಟು ಸಲ ಬರೆದಿದ್ದಾರೆ, ನೋಡಿಕೊಳ್ಳಿ. ನಿಮ್ಮ ಯಾವ ರೆಪ್ಪೆಗೆ ಏನು ಮಾಡಿದರು ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರೋದಿಲ್ಲ. ತಾಳೆ ಆಗದಿದ್ದರೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ. ಕೇಳೋದು ನಿಮ್ಮ ಹಕ್ಕು, ಹೇಳೋದು ಅವರ ಕೆಲಸ.